ಓದಿದ ಜಾಗ ಕಾಯುವ ಬೀಗ

ಲಿನಕ್ಸ್‌ನಲ್ಲಿ ಎಲ್‌ಎಸ್ ಎಂಬ ಆಜ್ಞೆ ಕೊಟ್ಟ ಕೂಡಲೇ ಡೈರೆಕ್ಟರಿಯಲ್ಲಿರುವ ಫೈಲುಗಳ ಹೆಸರುಗಳು ಪಟಪಟನೆ ಬೀಳುತ್ತವೆ. ಅದರ ಹಿಂದಿರುವುದು ಗೆಟ್‌ಡೆಂಟ್ಸ್64 ಎಂಬ ಸಿಸ್ಟಮ್ ಕಾಲ್. ಕರ್ನಲ್ ಒಂದಷ್ಟು ಹೆಸರುಗಳನ್ನು ಬಫರಿಗೆ ತುಂಬಿ, ಎಲ್ಲಿಯವರೆಗೆ ಓದಿದ್ದಾಯಿತು ಎಂಬ ಗುರುತನ್ನು ತೆರೆದ ಡೈರೆಕ್ಟರಿಯ ಜೊತೆಗೇ ಇಟ್ಟುಕೊಳ್ಳುತ್ತದೆ. ಈ ಗುರುತು ಕ್ರಮಸಂಖ್ಯೆಯೇ ಆಗಬೇಕಿಲ್ಲ. ಎಕ್ಸ್ಟ್4 ಎಂಬ ಫೈಲ್ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಅದು ಹೆಸರಿನಿಂದ ಲೆಕ್ಕ ಹಾಕಿದ ಹ್ಯಾಶ್.

ಜೆನ್ಸ್ ಆಕ್ಸ್‌ಬೋ ರೂಪಿಸಿದ ಐಒ-ಯುರಿಂಗ್ ಎಂಬ ವ್ಯವಸ್ಥೆ 2019ರಲ್ಲಿ ಲಿನಕ್ಸ್ 5.1ರೊಂದಿಗೆ ಬಂತು. ಅದರಲ್ಲಿ ಕೆಲಸಗಳನ್ನು ಸಾಲಿಗೆ ಹಾಕಿ ಮುಂದೆ ಹೋಗಬಹುದು, ಫಲಿತಾಂಶವನ್ನು ಆಮೇಲೆ ಎತ್ತಿಕೊಳ್ಳಬಹುದು. ಡೈರೆಕ್ಟರಿ ಓದುವುದನ್ನೂ ಇದಕ್ಕೆ ಸೇರಿಸಲು 2021ರಲ್ಲಿ, ಮತ್ತೆ 2023ರಲ್ಲಿ ಪ್ಯಾಚುಗಳು ಬಂದವು. ಸೇರಿಸುವುದು ಸುಲಭ, ಸುರಕ್ಷಿತವಾಗಿ ಸೇರಿಸುವುದರಲ್ಲೇ ಇದರ ಸೊಗಸಿದೆ.

ಒಂದೇ ಡೈರೆಕ್ಟರಿಯ ಮೇಲೆ ಎರಡು ವಿನಂತಿಗಳು ಒಟ್ಟಿಗೆ ಓಡಿದರೆ ಆ ಗುರುತು ಯಾರದ್ದು? ಅದಕ್ಕೆ ಬೀಗ ಬೇಕು. ಆದರೆ ಬೀಗಕ್ಕಾಗಿ ಕಾಯುತ್ತ ಕೂತರೆ ಸಾಲೇ ನಿಂತುಬಿಡುತ್ತದೆ. ಆದ್ದರಿಂದ ಒಮ್ಮೆ ಪ್ರಯತ್ನಿಸಿ ನೋಡಬೇಕು. ಸಿಗದಿದ್ದರೆ ಕಾಯಬಲ್ಲ ಕೆಲಸಗಾರ ಥ್ರೆಡ್ಡಿಗೆ ಒಪ್ಪಿಸಬೇಕು.

ನನಗೆ ತೀರಾ ಹಿಡಿಸಿದ್ದು ಇನ್ನೊಂದು ಸೂಕ್ಷ್ಮ. ಫೈಲನ್ನು ಹಿಡಿದವರು ಒಬ್ಬರೇ ಇದ್ದರೆ ಕರ್ನಲ್ ವೇಗಕ್ಕಾಗಿ ಈ ಬೀಗವನ್ನೇ ಬಿಟ್ಟುಬಿಡುತ್ತಿತ್ತು. ಆದರೆ ಓದು ನಡೆಯುತ್ತಿರುವಾಗಲೇ ಇನ್ನೊಂದು ಪ್ರಕ್ರಿಯೆ ಅದೇ ಫೈಲನ್ನು ಪಡೆಯುವ ದಾರಿಗಳಿದ್ದವು. 2023ರ ಆಗಸ್ಟ್‌ನಲ್ಲಿ ಬಂದ ಲಿನಕ್ಸ್ 6.5ರಲ್ಲಿ ಸಾಮಾನ್ಯ ಫೈಲುಗಳಿಗೆ ಆ ರಿಯಾಯಿತಿ ಉಳಿಯಿತು, ಡೈರೆಕ್ಟರಿಗಳಿಗೆ ಮಾತ್ರ ಬೀಗ ಕಡ್ಡಾಯವಾಯಿತು. ಎಷ್ಟು ಹದವಾದ ತೀರ್ಮಾನ!