ಚಕ್ಕಳಮಕ್ಕಳ ಹಾಕದ ಗೊಂಬೆ

ನವರಾತ್ರಿಗೆ ಬೊಂಬೆ ಕೂರಿಸುವ ಮನೆ ಕೊರಟಗೆರೆಯಲ್ಲಿರಲಿ, ಮಧುಗಿರಿಯಲ್ಲಿರಲಿ, ಮೇಲಿನ ಮೆಟ್ಟಿಲು ಪಟ್ಟದ ಗೊಂಬೆಗಳಿಗೇ ಮೀಸಲು. ರಕ್ತಚಂದನದಲ್ಲಿ ಕೆತ್ತಿದ ಗಂಡು-ಹೆಣ್ಣಿನ ಜೋಡಿ, ಮದುವೆಯಲ್ಲಿ ತವರಿನವರು ಮಗಳ ಜೊತೆ ಕಳಿಸಿದ್ದು. ವರ್ಷಕ್ಕೊಮ್ಮೆ ಪೆಟ್ಟಿಗೆಯಿಂದ ತೆಗೆದು, ಒರೆಸಿ, ಹೊಸ ಜರಿಬಟ್ಟೆ ಸುತ್ತಿ, ಸರ ಹಾಕಿ ನಿಲ್ಲಿಸುತ್ತಾರೆ. ಅವುಗಳ ಕೈಕಾಲು ಆಡುವುದಿಲ್ಲ, ತೋಳು ಮೈಗೇ ಅಂಟಿಕೊಂಡಿರುತ್ತದೆ. ಕಣ್ಣು ಮೂಗು ಅಂದರೆ ನಾಲ್ಕಾರು ಗೀರು. ಆ ಗೊಂಬೆಯನ್ನು ಮನೆಯವರು ಆರಿಸಿ ತಂದದ್ದಲ್ಲ, ಅದು ಮನೆಗೆ ಬಂದದ್ದು. ಬೊಂಬೆ ಬಾಗಿನ ಇಸಿದುಕೊಳ್ಳಲು ಬಂದ ಮಕ್ಕಳು ಕೂಡ ಅದರ ಮುಖ ಚೆನ್ನಾಗಿಲ್ಲ ಎಂದು ದೂರಿದ್ದನ್ನು ನಾನು ಕೇಳಿಲ್ಲ.

ಆರಿಸಿ ಕೊಳ್ಳುವ ಗೊಂಬೆಯ ಲೋಕವೇ ಬೇರೆ. ಅಲ್ಲಿ ಇವತ್ತು ಹೆಚ್ಚು ವಾದ ನಡೆಯುವುದು ಬಾಲ್ ಜಾಯಿಂಟೆಡ್ ಡಾಲ್ ಬಗ್ಗೆ. ಅಭಿಮಾನಿಗಳ ಬಾಯಲ್ಲಿ ಅದು ಬಿಜೆಡಿ. ಅದರ ರಚನೆ ಸರಳ. ರೆಸಿನ್‌ನಲ್ಲಿ ಎರಕ ಹೊಯ್ದ ಟೊಳ್ಳು ಅಂಗಗಳು. ಒಂದು ಅಂಗದ ತುದಿಯ ಗುಂಡು ಇನ್ನೊಂದರ ಕುಳಿಯಲ್ಲಿ ಕೂರುತ್ತದೆ. ಒಳಗೆ ಹಾಯಿಸಿದ ಎಲಾಸ್ಟಿಕ್ ದಾರ ತಲೆಯಿಂದ ಪಾದದವರೆಗೆ ಎಲ್ಲವನ್ನೂ ಬಿಗಿದು ಹಿಡಿಯುತ್ತದೆ. ಕ್ಯೋಟೊದ ವೋಕ್ಸ್ ಕಂಪನಿ 1999ರಲ್ಲಿ ಸೂಪರ್ ಡಾಲ್ಫಿ ಎಂಬ ಹೆಸರಿನಲ್ಲಿ ಇಂಥ ಗೊಂಬೆಯನ್ನು ಮಾರುಕಟ್ಟೆಗೆ ಬಿಟ್ಟ ಮೇಲೆ ಈ ಹುಚ್ಚು ಹಬ್ಬಿತು. ಆಮೇಲೆ ಕೊರಿಯಾದ ಲುಟ್ಸ್, ಫೇರಿಲ್ಯಾಂಡ್, ಐಪಲ್‌ಹೌಸ್ ಬಂದವು. ಉಪಾಯ ಮಾತ್ರ ಹಳೆಯದು. 19ನೇ ಶತಮಾನದ ಕೊನೆಗೆ ಪ್ಯಾರಿಸಿನ ಜುಮೋ ಗೊಂಬೆಗಳಿಗೆ ಗುಂಡುಕೀಲಿನ ಮೈ ಇತ್ತು. ಬರ್ಲಿನ್ನಿನ ವಸ್ತುಸಂಗ್ರಹಾಲಯದಲ್ಲಿದ್ದ 16ನೇ ಶತಮಾನದ ಮರದ ಕೀಲುಗೊಂಬೆಗಳನ್ನು ನೋಡಿಯೇ ಜರ್ಮನ್ ಕಲಾವಿದ ಹಾನ್ಸ್ ಬೆಲ್ಮರ್ 1930ರ ದಶಕದಲ್ಲಿ ತನ್ನ ಕೆಡುಗನಸಿನಂಥ ಗೊಂಬೆಗಳಿಗೆ ಗುಂಡುಕೀಲು ಕೂಡಿಸಿದ. ಅವುಗಳ ಚಿತ್ರಗಳು 1960ರ ದಶಕದಲ್ಲಿ ಜಪಾನನ್ನು ಮುಟ್ಟಿದವು, ಯೊತ್ಸುಯಾ ಸಿಮೋನ್‌ನಂಥ ಕಲಾವಿದರ ಕೈ ಹಿಡಿದವು. ಈಗ ಕಪಾಟಿನಲ್ಲಿ ಮುದ್ದಾಗಿ ನಿಂತಿರುವ ಗೊಂಬೆಗೆ ಇಂಥ ಪೂರ್ವಜರಿದ್ದಾರೆ ಎಂಬುದು ಕೊಳ್ಳುವವರಿಗೆ ಅಷ್ಟಾಗಿ ನೆನಪಿರುವುದಿಲ್ಲ.

ಕೊಳ್ಳುವವರು ಮೊದಲು ನೋಡುವುದು ಮುಖ. ಎರಡನೆಯದಾಗಿ ನೋಡುವುದೂ ಮುಖವೇ. ತುಟಿ ಎಷ್ಟು ತೆರೆದಿದೆ, ರೆಪ್ಪೆ ಅರ್ಧ ಮುಚ್ಚಿದೆಯೇ, ಕಣ್ಣಿನ ಕುಳಿ ಎಷ್ಟು ಮಿಲಿಮೀಟರಿನದು ಎಂದು ತಿಂಗಳುಗಟ್ಟಲೆ ಯೋಚಿಸುತ್ತಾರೆ. ಗಾಜಿನ ಕಣ್ಣು ಬೇರೆ ಕೊಂಡು ಕೂರಿಸುತ್ತಾರೆ, ಟೋಪನ್ ಬದಲಿಸುತ್ತಾರೆ. ಹುಬ್ಬು, ಕೆನ್ನೆಯ ಕೆಂಪು, ತುಟಿಯ ಗೆರೆಗಳನ್ನು ಪೇಸ್ಟಲ್ ಪುಡಿ ಮತ್ತು ಅಕ್ರಿಲಿಕ್‌ನಲ್ಲಿ ಬರೆದು, ಹೊಳಪಿಲ್ಲದ ಸ್ಪ್ರೇ ಹೊಡೆದು ಭದ್ರ ಮಾಡುವುದೇ ಒಂದು ಕಸುಬಾಗಿದೆ. ಹೆಸರಾದ ಕೈಗಳ ಕೆಲಸಕ್ಕೆ ಸರದಿ ಕಾಯಬೇಕು. ಒಂದು ಕಂಪನಿಯ ತಲೆಯನ್ನು ಇನ್ನೊಂದು ಕಂಪನಿಯ ಮೈಗೆ ಕೂಡಿಸುವವರೂ ಇದ್ದಾರೆ. ಇದರಲ್ಲಿ ನಿಜವಾದ ಕಲೆಗಾರಿಕೆ ಇದೆ, ಅಲ್ಲಗಳೆಯಲಾರೆ. ಕೊಳ್ಳುವವನೇ ಅರ್ಧ ಗೊಂಬೆ ಮಾಡುವ ಈ ಏರ್ಪಾಡು ನನಗೆ ಹಿಡಿಸುತ್ತದೆ. ವರ್ಷಕ್ಕೊಮ್ಮೆ ಪಟ್ಟದ ಗೊಂಬೆಗೆ ಸೀರೆ ಉಡಿಸುವ ಅಜ್ಜಿಯ ಕೆಲಸಕ್ಕೆ ಇದು ದೂರದ್ದಲ್ಲ.

ನನ್ನ ತಕರಾರು ಬೇರೆ. ಮುಖ ಬದಲಿಸಬಹುದು, ಅಳಿಸಿ ಮತ್ತೆ ಬರೆಯಬಹುದು, ತಲೆಯನ್ನೇ ಕಳಚಿ ಇನ್ನೊಂದು ಹಾಕಬಹುದು. ಬದಲಿಸಲು ಆಗದ್ದು ಕೀಲು. ಬದಲಾಗುವುದಕ್ಕೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು, ಬದಲಾಗದ್ದನ್ನು ಮಾರುವವನ ಒಂದು ಸಾಲಿನ ವಿವರಣೆಗೆ ಬಿಡುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಜಾತಿಯ ಆಯ್ಕೆ.

ಕೀಲನ್ನು ನೋಡುವುದು ಅಂದರೇನು? ನುರಿತ ಸಂಗ್ರಾಹಕರು ಹೇಳುವ ಪರೀಕ್ಷೆಗಳು ಚೆನ್ನಾಗಿಯೇ ಇವೆ. ಗೊಂಬೆ ಆಸರೆಯಿಲ್ಲದೆ ಎರಡು ಕಾಲ ಮೇಲೆ ನಿಲ್ಲಬೇಕು. ಎತ್ತಿದ ಕೈ ಎತ್ತಿದಲ್ಲೇ ಇರಬೇಕು. ಮಂಡಿ ಮಡಿಸುವಾಗ ದಾರ ಅಂಚಿಗೆ ಸಿಕ್ಕಿಕೊಂಡು ಕಾಲು ಫಟ್ಟನೆ ಒದೆಯಬಾರದು. ಮೊಣಕೈಗೆ ಒಂದೇ ಗುಂಡಿದ್ದರೆ ಮುಂಗೈ ಸುಮಾರು ಕಾಲು ಸುತ್ತು ಮಡಚುತ್ತದೆ, ಅಷ್ಟೆ. ಜೋಡಿ ಕೀಲಿದ್ದರೆ ಬೆರಳು ಗಲ್ಲ ಮುಟ್ಟುತ್ತದೆ, ಆದರೆ ತೋಳು ಚಾಚಿದಾಗ ಆ ಎರಡು ಸಂದುಗಳೂ ಕಣ್ಣಿಗೆ ಹೊಡೆಯುತ್ತವೆ. ಚೆಲುವು ಬೇಕೋ ಚಲನೆ ಬೇಕೋ ಎಂಬ ಈ ಜಗ್ಗಾಟವನ್ನು ಯಾವ ಶಿಲ್ಪಿ ಹೇಗೆ ತೀರಿಸಿದ್ದಾನೆ ಎಂಬುದರಲ್ಲೇ ಅವನ ಯೋಗ್ಯತೆ ತಿಳಿಯುತ್ತದೆ. ಕುಳಿ ಆಳವಾಗಿ, ಅಂಚು ತೆಳುವಾಗಿ, ಗುಂಡು ತನ್ನ ಮನೆಯಲ್ಲಿ ಸದ್ದಿಲ್ಲದೆ ತಿರುಗಬೇಕು. ಜಾರಿದರೆ ಒಳಗೆ ಮೆತುಚರ್ಮದ ತುಂಡು ಅಂಟಿಸುತ್ತಾರೆ. ಒಳ್ಳೆಯ ಕೀಲಿಗೆ ಆ ಔಷಧಿ ಕಡಿಮೆ ಬೇಕು.

ಇವುಗಳ ಜೊತೆಗೆ ನಾನು ಇನ್ನೊಂದು ಪರೀಕ್ಷೆ ಸೇರಿಸುತ್ತೇನೆ. ಗೊಂಬೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತದೆಯೇ? ಜೋಡಿ ಮಂಡಿಯಿರುವ ಗೊಂಬೆ ಜಪಾನೀಯರ ಹಾಗೆ ಮಂಡಿಯೂರಿ ಕೂರಬಲ್ಲದು. ಕುರ್ಚಿಯಲ್ಲಂತೂ ಸಲೀಸಾಗಿ ಕೂರುತ್ತದೆ. ಚಕ್ಕಳಮಕ್ಕಳ ಅಂದಕೂಡಲೇ ತಿಣುಕುತ್ತದೆ, ಏಕೆಂದರೆ ಅದಕ್ಕೆ ಮಂಡಿಗಿಂತ ಹೆಚ್ಚಾಗಿ ಸೊಂಟದ ಗುಂಡು ಹೊರಮುಖವಾಗಿ ಹೊರಳಬೇಕು, ತೊಡೆ ಅಗಲವಾಗಿ ಬೀಳಬೇಕು. ಸೊಂಟವೇ ಇಂಥ ಗೊಂಬೆಗಳ ಬಡ ಕೀಲು. ನಿಂತಾಗ ಅಂದವಾಗಿ ಕಾಣಲೆಂದು ಅಲ್ಲಿ ಸಂದನ್ನು ಬಿಗಿ ಮಾಡಿರುತ್ತಾರೆ. ಊಟಕ್ಕೆ, ಪೂಜೆಗೆ, ಹಾಡಿಗೆ ನೆಲದ ಮೇಲೆ ಕೂತು ಬೆಳೆದವರ ಮನೆಗೆ ಬರುವ ಗೊಂಬೆ ನೆಲದ ಮೇಲೆ ಕೂರಲಾರದು ಎಂಬುದು ಸಣ್ಣ ಕೊರತೆಯಲ್ಲ. ತೊಡೆಯ ನಡುವೆ ಇನ್ನೊಂದು ತಿರುಗು ಕೀಲು ಇಟ್ಟ ಕೆಲವು ಮೈಗಳು ಇದನ್ನು ಒಂದು ಮಟ್ಟಿಗೆ ಸಾಧಿಸುತ್ತವೆ. ಅಂಥವು ನಿಂತಾಗ ಸ್ವಲ್ಪ ಒರಟಾಗಿ ಕಂಡರೂ ನಾನು ಅವುಗಳ ಪರ.

ಕೀಲಿನ ವಿಚಾರದಲ್ಲಿ ನಮ್ಮವರಿಗೆ ಹೇಳಲು ಬಹಳ ಇತ್ತು. ಉಪ್ಪಿನಕುದ್ರುವಿನ ಕಾಮತ ಮನೆತನ ಆಡಿಸುವ ಯಕ್ಷಗಾನದ ಸೂತ್ರದ ಗೊಂಬೆಗೆ ಭುಜ, ಮೊಣಕೈ, ಸೊಂಟ, ಮಂಡಿಗಳಲ್ಲಿ ಕೀಲುಂಟು. ಐದೋ ಏಳೋ ದಾರ ಎಳೆದು ಅದನ್ನು ಕುಣಿಸುತ್ತಾರೆ. ರಾಜಸ್ಥಾನದ ಕಠ್‌ಪುತ್ಲಿಗೆ ಕಾಲೇ ಇಲ್ಲ, ಘಾಗ್ರಾ ಅದನ್ನು ಮುಚ್ಚಿಹಾಕುತ್ತದೆ. ನಮ್ಮ ಗೊಂಬೆ ಹೆಜ್ಜೆ ಹಾಕಬೇಕಾದ್ದರಿಂದ ಅದಕ್ಕೆ ಆ ಅನುಕೂಲವಿಲ್ಲ. ಆದರೆ ಆಡಿಸುವವನ ಕೀಲಿಗೂ ಸಂಗ್ರಾಹಕನ ಕೀಲಿಗೂ ಧರ್ಮ ಬೇರೆ. ಆಡಿಸುವವನಿಗೆ ಬೇಕಾದ್ದು ಬಿಟ್ಟುಕೊಡುವ ಕೀಲು: ದಾರ ಸಡಿಲಿಸಿದ ಕ್ಷಣ ಕೈ ಇಳಿಯಬೇಕು, ಇಲ್ಲದಿದ್ದರೆ ತಾಳ ತಪ್ಪುತ್ತದೆ. ಸಂಗ್ರಾಹಕನಿಗೆ ಬೇಕಾದ್ದು ಹಿಡಿದಿಡುವ ಕೀಲು. ಆಟದ ಗೊಂಬೆಯನ್ನು ಮೊಳೆಗೆ ತೂಗುಹಾಕಿದರೆ ಅದು ಜೋಲುವುದು ಈ ಕಾರಣಕ್ಕೆ. ಷೋಕೇಸಿಗೆಂದು ಕೊಂಡವರು ಅದನ್ನು ಕಂಡು ಕೆಲಸ ಹದವಾಗಿಲ್ಲ ಎಂದುಕೊಳ್ಳುವುದುಂಟು. ಹದವಾಗಿಯೇ ಇದೆ, ಅವರು ಕೇಳುತ್ತಿರುವ ಕೆಲಸಕ್ಕೆ ಅದನ್ನು ಮಾಡಿಲ್ಲ.

ತೊಗಲು ಗೊಂಬೆಯಲ್ಲಿ ಇದು ಇನ್ನೂ ಸ್ಪಷ್ಟ. ಕೊರಟಗೆರೆಯ ಜಯಮಂಗಲಿ ನದಿ ಹರಿದು ಆಂಧ್ರದಲ್ಲಿ ಉತ್ತರ ಪಿನಾಕಿನಿಯನ್ನು ಕೂಡುತ್ತದೆ. ಆ ಸೀಮೆಯಲ್ಲಿ, ಪಾವಗಡದ ಗಡಿಯಾಚೆ, ಧರ್ಮಾವರದ ಹತ್ತಿರದ ನಿಮ್ಮಲಕುಂಟ ತೊಗಲು ಗೊಂಬೆಗೆ ಹೆಸರಾದ ಊರು. ಅಲ್ಲಿನ ದಳವಾಯಿ ಚಲಪತಿ ರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಆಂಧ್ರದ ಈ ಗೊಂಬೆಗಳು ನಾಲ್ಕೈದು ಅಡಿ ಎತ್ತರದವು. ಭುಜ, ಮೊಣಕೈ, ಮಂಡಿ ಎಲ್ಲ ಬೇರೆ ಬೇರೆ ತುಂಡು, ದಾರದ ಗಂಟಿನಲ್ಲಿ ಕೂಡಿದವು. ಕನ್ನಡ ನಾಡಿನ ಕಿಳ್ಳೇಕ್ಯಾತರ ಗೊಂಬೆಗಳು ಸಾಮಾನ್ಯವಾಗಿ ಚಿಕ್ಕವು. ರಥ, ಕುದುರೆ, ಮರ, ಜೊತೆಗಾರರ ಸಮೇತ ಇಡೀ ಸನ್ನಿವೇಶವೇ ಒಂದು ತೊಗಲಿನಲ್ಲಿ ಮೂಡಿರುತ್ತದೆ, ಆಡುವ ಅಂಗಗಳು ಕಡಿಮೆ. ಗಡಿಯ ಈಚೆ ಚಿತ್ರದ ಬಲ, ಆಚೆ ಕೀಲಿನ ಬಲ. ಎರಡನ್ನೂ ಒಂದೇ ಅಳತೆಗೋಲಿನಲ್ಲಿ ಅಳೆಯುವ ಸಂಗ್ರಾಹಕ ಎರಡಕ್ಕೂ ಅನ್ಯಾಯ ಮಾಡುತ್ತಾನೆ.

ಹಳೆಯ ತೊಗಲು ಗೊಂಬೆ ಕೊಳ್ಳುವವರಲ್ಲಿ ಇನ್ನೊಂದು ಚಟ ಇದೆ: ರಾವಣನೊಬ್ಬನೇ ಬೇಕು, ಅಥವಾ ಹನುಮಂತನೊಬ್ಬನೇ. ಮೇಳದ ಕಟ್ಟಿನಿಂದ ಆ ಒಂದನ್ನು ಎತ್ತಿಕೊಂಡು ಹೋದರೆ ಉಳಿದ ಕಟ್ಟಿನಿಂದ ರಾಮಾಯಣ ಆಡಿಸಲು ಬರುವುದಿಲ್ಲ. ಚಿತ್ರಕಲಾ ಪರಿಷತ್ತಿಗಾಗಿ ಎಂ.ಎಸ್. ನಂಜುಂಡರಾವ್ ರಾಜ್ಯವೆಲ್ಲ ತಿರುಗಿ ಕೂಡಿಸಿದ ತೊಗಲು ಗೊಂಬೆಗಳ ಸಂಗ್ರಹವನ್ನು ಬೆಂಗಳೂರಿನಲ್ಲಿ ನೋಡಿದವರಿಗೆ, ಗೊಂಬೆಯನ್ನು ಅದರ ಬಳಗದ ನಡುವೆ ನೋಡುವುದಕ್ಕೂ ಚೌಕಟ್ಟಿನಲ್ಲಿ ಒಂಟಿಯಾಗಿ ನೋಡುವುದಕ್ಕೂ ಇರುವ ಅಂತರ ಗೊತ್ತಾಗುತ್ತದೆ.

ರೆಸಿನ್ನಿಗೆ ಮರಳೋಣ. ಬಯಲುಸೀಮೆಯಲ್ಲಿ ಅದಕ್ಕೆ ಶತ್ರು ಬಿಸಿಲು. ಅತಿನೇರಳೆ ಕಿರಣ ತಾಗಿದಂತೆ ರೆಸಿನ್ ಹಳದಿಗೆ ತಿರುಗುತ್ತದೆ. ಎಲ್ಲ ರೆಸಿನ್ನೂ ಒಂದಲ್ಲ ಒಂದು ದಿನ ಹಳದಿಯಾಗುವುದೇ, ಬಿಸಿಲು ಅದನ್ನು ಬೇಗ ತರಿಸುತ್ತದೆ. ಪಾವಗಡದ ತಿರುಮಣಿ ಸುತ್ತ 2,050 ಮೆಗಾವ್ಯಾಟ್ ಸೌರಫಲಕ ಹರಡಿರುವ ತುಮಕೂರು ಜಿಲ್ಲೆಯಲ್ಲಿ ಕಿಟಕಿ ಪಕ್ಕದ ಷೋಕೇಸಿನಲ್ಲಿ ಗೊಂಬೆ ಇಡುವವರಿಗೆ ಇನ್ನೇನು ಹೇಳುವುದು! ಎಲಾಸ್ಟಿಕ್ಕೂ ಅಷ್ಟೆ, ಹಳೇ ಚಡ್ಡಿಯ ಪಟ್ಟಿಯ ಹಾಗೆ ಸಡಿಲವಾಗುತ್ತದೆ. ಅದನ್ನು ಬಿಚ್ಚಿ ಹೊಸದು ಹಾಯಿಸಲು ಕೊಳ್ಳುವವರೇ ಕಲಿಯಬೇಕು. ಮಳೆಗಾಲದ ತೇವದಲ್ಲಿ ಮುಖಕ್ಕೆ ಸ್ಪ್ರೇ ಹೊಡೆದರೆ ಮಂಜು ಕವಿದಂತೆ ಬೆಳ್ಳಗಾಗುತ್ತದೆ. ರಕ್ತಚಂದನದ ಜೋಡಿಗೆ ಇದಾವುದರ ಗೊಡವೆ ಇಲ್ಲ, ಎಣ್ಣೆ ಕೈ ತಾಗಿದಷ್ಟೂ ಕಳೆಗಟ್ಟುತ್ತದೆ.

ಮೈಬಣ್ಣದ ಮಾತು ಹೇಳದೆ ಬಿಡುವಂತಿಲ್ಲ. ಈ ಕಂಪನಿಗಳ ಪಟ್ಟಿಯಲ್ಲಿ ಬಿಳಿ ಮತ್ತು ತಿಳಿ ಮೈಬಣ್ಣವೇ ಸದಾ ಸಿಗುವ ಮಾಲು. ಕಂದು ಬಣ್ಣ ಹಲವು ಕಡೆ ವಿಶೇಷ ತಯಾರಿ, ಬೆಲೆಯೂ ಹೆಚ್ಚು. ಗಾಢ ರೆಸಿನ್‌ನಲ್ಲಿ ಎರಕದ ಗೆರೆ, ಗೀರು ಬೇಗ ಎದ್ದು ಕಾಣುತ್ತವೆ ಎಂಬುದು ತಯಾರಕರ ಸಮಜಾಯಿಷಿ, ಅದು ಸುಳ್ಳಲ್ಲ. ಆದರೂ ಎಣ್ಣೆಗೆಂಪು ಮೈಯ, ಕಪ್ಪು ಕಣ್ಣಿನ ಗೊಂಬೆ ಬೇಕೆಂದರೆ ನಮ್ಮ ಕಡೆಯ ಸಂಗ್ರಾಹಕರು ಕಾಯಬೇಕು. ಕಪ್ಪು ಕಣ್ಣು ದೂರದಿಂದ ತೂತಿನ ಹಾಗೆ ಕಾಣುತ್ತದೆ ಎಂದು ತಿಳಿಗಣ್ಣು ಹಾಕಿಸುವ ಸಲಹೆಯೂ ಸಿಗುತ್ತದೆ. ಪಟ್ಟದ ಗೊಂಬೆಯ ಬಳಿದ ಕಪ್ಪು ಕಣ್ಣು ಹಜಾರದ ಆಚೆ ಬದಿಯಿಂದಲೂ ನಮ್ಮನ್ನೇ ನೋಡುತ್ತದೆ. ಸುತ್ತ ಬಿಳಿ ಬಳಿಯುವುದನ್ನು ಆ ಬಡಗಿ ಮರೆತಿರುವುದಿಲ್ಲ.

ಸೀರೆ ಉಡಿಸುವವರಿಗೆ ಒಂದು ಲೆಕ್ಕ. ಮೂರನೇ ಒಂದು ಅಳತೆಯ ಗೊಂಬೆ, ಅಂದರೆ ಸುಮಾರು 60 ಸೆಂ.ಮೀ. ಎತ್ತರದ್ದು, ನಮ್ಮ ಐದೂವರೆ ಮೀಟರ್ ಸೀರೆಯ ಮೂರನೇ ಒಂದು ಪಾಲು ಕೇಳುತ್ತದೆ, ಉದ್ದ 1.8 ಮೀಟರ್, ಅಗಲ 38 ಸೆಂ.ಮೀ. ಅಳತೆ ಇಳಿದರೂ ಬಟ್ಟೆಯ ದಪ್ಪ ಇಳಿಯುವುದಿಲ್ಲ. ಇಳಕಲ್ ಅಂಚು ಆ ಸೊಂಟದ ಮೇಲೆ ತಗಡಾಗಿ ನಿಲ್ಲುತ್ತದೆ. ಹಳೆಯ ವಾಯಿಲ್ ಸೀರೆ ಹರಿದರೆ ನೆರಿಗೆ ಚೆನ್ನಾಗಿ ಕೂರುತ್ತದೆ.

ಈಗ ಬೆಲೆ. ಹೆಸರಾದ ಕಂಪನಿಯ ಈ ಅಳತೆಯ ಗೊಂಬೆಗೆ 500 ಡಾಲರ್ ದಾಟುವುದು ಸಾಮಾನ್ಯ. ಸಾಲದ್ದಕ್ಕೆ ಭಾರತ ಆಟಿಕೆಗಳ ಆಮದು ಸುಂಕವನ್ನು 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿಸಿತು. ಇಂಥಲ್ಲಿ ನಕಲಿ ಮಾಲು ಆಸೆ ಹುಟ್ಟಿಸುತ್ತದೆ. ಅಸಲು ಗೊಂಬೆಯಿಂದಲೇ ಅಚ್ಚು ತೆಗೆದು ಎರಕ ಹೊಯ್ದು ಅಗ್ಗಕ್ಕೆ ಮಾರುವ ಇವುಗಳನ್ನು ರೀಕಾಸ್ಟ್ ಎನ್ನುತ್ತಾರೆ. ಶಿಲ್ಪಿಯ ದುಡಿಮೆ ಕದಿಯುವುದು ತಪ್ಪು ಎಂದು ಸಂಗ್ರಾಹಕರಲ್ಲಿ ಬಹುಪಾಲು ಜನ ಹೇಳುತ್ತಾರೆ, ನಾನೂ ಅವರ ಕಡೆಯವನೇ. ಇಲ್ಲೊಂದು ಸ್ವಾರಸ್ಯ ಇದೆ. ನಕಲಿನಲ್ಲಿ ಮುಖ ಬಹುಮಟ್ಟಿಗೆ ಹಾಗೆಯೇ ಬರುತ್ತದೆ, ಪಟ ನೋಡಿ ಕೊಂಡವರಿಗೆ ವ್ಯತ್ಯಾಸ ಕಾಣುವುದು ಕಷ್ಟ. ರೆಸಿನ್ ಆರುವಾಗ ಕೊಂಚ ಕುಗ್ಗುವುದರಿಂದ ನಕಲು ಅಸಲಿಗಿಂತ ತುಸು ಚಿಕ್ಕದು. ಅಂಚುಗಳು ಮೊಂಡಾಗುತ್ತವೆ, ಗುಂಡು ಕುಳಿಗೆ ಸರಿಯಾಗಿ ಕೂರುವುದಿಲ್ಲ. ಬರೀ ಮುಖಕ್ಕೆ ದುಡ್ಡು ಕೊಡುವವರು ಅಸಲಿಗೇಕೆ ದುಡ್ಡು ಕೊಡಬೇಕು ಎಂಬ ಪ್ರಶ್ನೆಗೆ ಅವರ ಬಳಿ ನೀತಿಯ ಉತ್ತರ ಇದೆ, ಗೊಂಬೆಯ ಉತ್ತರ ಇಲ್ಲ. ಕೀಲಿಗೆ ದುಡ್ಡು ಕೊಡುವವರ ಹತ್ತಿರ ಎರಡೂ ಇವೆ.

‘ಸೀಮಿತ ಸಂಖ್ಯೆ’ ಎಂಬ ಚೀಟಿಗೆ ಹೆಚ್ಚು ಕೊಡುವವರ ಬಗ್ಗೆ ಬರೆಯಲು ನನಗೆ ಉತ್ಸಾಹವಿಲ್ಲ. ಅದು ಗೊಂಬೆಯ ವ್ಯವಹಾರವಲ್ಲ, ಷೇರು ಪೇಟೆಯದು.

ಜಪಾನ್, ಕೊರಿಯಾಗಳಿಗಿಂತ ಹತ್ತಿರದಲ್ಲಿ ಚನ್ನಪಟ್ಟಣ ಇದೆ. ಆಲೆ ಮರವನ್ನು ಲೇತಿಗೆ ಕೊಟ್ಟು, ಅರಗಿನ ಬಣ್ಣ ಏರಿಸಿ, ತಾಳೆಗರಿಯಲ್ಲಿ ಹೊಳಪು ತರಿಸುವ ಊರು; ಭೌಗೋಳಿಕ ಗುರುತನ್ನೂ ಪಡೆದಿದೆ. ಅಲ್ಲಿಯ ಗೊಂಬೆಯನ್ನು ಹೊಗಳುವವರು ಬಣ್ಣವನ್ನು ಹೊಗಳುತ್ತಾರೆ, ಮಗು ಬಾಯಿಗಿಟ್ಟರೂ ತೊಂದರೆಯಿಲ್ಲ ಎನ್ನುತ್ತಾರೆ. ನಿಜವೇ. ಆದರೆ ಲೇತು ಯಾವುದನ್ನು ಅತಿ ಸುಲಭವಾಗಿ, ಅತಿ ನಿಖರವಾಗಿ ಕೊಡುತ್ತದೆ? ಗುಂಡನ್ನು. ಗುಂಡುಕೀಲಿನ ಗೊಂಬೆಗೆ ಬೇಕಾದ ಮುಖ್ಯ ಅಂಗ ಚನ್ನಪಟ್ಟಣದ ಕೈಗಳಿಗೆ ಮೊದಲ ಪಾಠ. ಆಲೆ ಮರಕ್ಕೆ ರೆಸಿನ್ನಿನ ಹಾಗೆ ಬಿಸಿಲಿನ ಹಳದಿ ರೋಗವಿಲ್ಲ, ಆಮದು ಸುಂಕವಿಲ್ಲ. ಅರಗಿನ ಬಣ್ಣದಲ್ಲಿ ಎಣ್ಣೆಗೆಂಪು ಬೇಕಾದಷ್ಟು ಸಿಗುತ್ತದೆ. ಮರದ ಗುಂಡು ಎಲಾಸ್ಟಿಕ್ ಬಿಗಿತಕ್ಕೆ ಸವೆಯದಂತೆ ಕುಳಿಗೆ ಏನು ಹೊದಿಸಬೇಕು, ಸೊಂಟದ ಗುಂಡನ್ನು ಎಷ್ಟು ಓರೆಯಾಗಿ ಕೂರಿಸಬೇಕು ಎಂಬಷ್ಟೇ ಕಲಿಯುವ ಕೆಲಸ. 500 ಡಾಲರ್ ಕೈಯಲ್ಲಿಟ್ಟುಕೊಂಡು ಕೊರಿಯಾದಲ್ಲಿ ಸರದಿ ಕಾಯುತ್ತಿರುವವರು ಅದರ ಅರ್ಧ ಹಣದಲ್ಲಿ ರಾಮನಗರದ ದಾರಿಯ ಒಂದು ಕಾರ್ಖಾನೆಗೆ ಇಂಥದ್ದೊಂದನ್ನು ಹೇಳಿ ಮಾಡಿಸಲಿ. ಷರತ್ತು ಒಂದೇ ಸಾಕು: ಮುಖ ಆಮೇಲೆ ನೋಡೋಣ, ಮೊದಲು ಚಕ್ಕಳಮಕ್ಕಳ ಹಾಕಿ ಕೂರಿಸಿ ತೋರಿಸಿ.