ಅಂಬಿಗನ ನಂಬುಗೆಯೂ ಪ್ರಯಾಣಿಕನ ಕವಾಯತೂ

೧

ಹೂವಿನಹಡಗಲಿಯ ಹೆಸರಿನಲ್ಲಿ ಹಡಗು ಅಡಗಿರುವುದೆಂದು ನಮ್ಮ ಸೀಮೆಯ ಜನರು ಬಹುಕಾಲದಿಂದ ನಂಬಿರುವರು. ವಿಜಯನಗರದ ಅರಸರ ಕಾಲದಲ್ಲಿ ಇಲ್ಲಿಯ ಹೂವುಗಳನ್ನು ತುಂಗಭದ್ರೆಯ ಮಾರ್ಗವಾಗಿ ಹಡಗುಗಳಲ್ಲಿ ಹಂಪೆಗೆ ಸಾಗಿಸುತ್ತಿದ್ದರೆಂದೂ, ಆ ಕಾರಣದಿಂದಲೇ ಊರಿಗೆ ಈ ಹೆಸರು ಬಂದಿತೆಂದೂ ಐತಿಹ್ಯವುಂಟು. ಐತಿಹ್ಯವು ಮನೋಹರವಾದುದು, ಹಡಗಲಿಯ ಮಲ್ಲಿಗೆಯ ಕೀರ್ತಿಗೂ ಒಪ್ಪುವಂತಹುದು. ಆದರೆ ಕಾಲಗಣನೆಯ ಒರೆಗಲ್ಲಿಗೆ ಹಚ್ಚಿದಾಗ ಅದು ನಿಲ್ಲಲಾರದು. ಕಲ್ಯಾಣದ ಚಾಳುಕ್ಯರ ಕಾಲದ ಶಾಸನಗಳಲ್ಲಿಯೇ ಈ ಊರು ‘ಪೂವಿನ ಪಡಂಗಿಲೆ’ ಎಂದು ಕರೆಯಲ್ಪಟ್ಟಿದೆ. ದಂಡನಾಯಕ ರವಿದೇವನ ಪತ್ನಿಯಾದ ರೆಬ್ಬಲದೇವಿಯು ಇಲ್ಲಿ ಕೇಶವ ದೇವಾಲಯವನ್ನು ಕಟ್ಟಿಸಿದುದು ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯ ಕ್ರಿ.ಶ. ೧೦೯೦ರಲ್ಲಿ, ವಿಜಯನಗರದ ಸ್ಥಾಪನೆಯಾದುದು ಕ್ರಿ.ಶ. ೧೩೩೬ರಲ್ಲಿ. ಮೇಲಾಗಿ ಊರು ನದಿಯ ದಂಡೆಯ ಮೇಲಿಲ್ಲ. ನದಿಯು ಕೆಲವು ಮೈಲಿಗಳಾಚೆ ಹರಿಯುವುದು. ಆದುದರಿಂದ ಹಂಪೆಯ ಹೂವಿನ ವ್ಯಾಪಾರವು ಹೆಸರಿನ ಮೂಲವಾಗಿರಲಾರದು.

ಆದರೂ ಈ ಐತಿಹ್ಯವನ್ನು ನಾವು ಸಂಪೂರ್ಣವಾಗಿ ತಳ್ಳಿಹಾಕುವುದಿಲ್ಲ. ಅದು ಊರಿನ ಹುಟ್ಟನ್ನು ತಿಳಿಸದಿದ್ದರೂ ಜನರ ಸ್ಮರಣೆಯ ರೀತಿಯನ್ನು ತಿಳಿಸುತ್ತದೆ. ಈ ಕಥೆಯಲ್ಲಿ ಹೂವುಂಟು, ಹಡಗುಂಟು, ಹೂವನ್ನು ಪಡೆಯುವ ಅರಸನೂ ಉಂಟು. ಹಡಗಿನಲ್ಲಿ ಕುಳಿತ ಮನುಷ್ಯನೊಬ್ಬನೇ ಇಲ್ಲ. ನಮ್ಮ ಜಲಯಾನದ ಇತಿಹಾಸವನ್ನು ಬರೆದವರೂ ಬಹುಮಟ್ಟಿಗೆ ಇದೇ ಜಾಡಿನಲ್ಲಿ ನಡೆದಿರುವರು. ಬಂದರು, ಸರಕು, ಸುಂಕ, ನೌಕಾಬಲ ಇವುಗಳ ವಿಚಾರ ಹೇರಳವಾಗಿದೆ. ನೀರಿನ ಮೇಲೆ ತನ್ನ ಪ್ರಾಣವನ್ನು ಪರರ ಕೈಗೊಪ್ಪಿಸಿದ ಪ್ರಯಾಣಿಕನು ಏನು ಅರಿತಿದ್ದನು, ಅಪಾಯದಲ್ಲಿ ಏನು ಮಾಡಬೇಕೆಂದು ಅವನಿಗೆ ಯಾರು ಕಲಿಸಿದರು ಎಂಬ ಪ್ರಶ್ನೆಗಳನ್ನು ಕೇಳಿದವರು ವಿರಳ. ಸಮುದ್ರದ ವಿಹಾರನೌಕೆಗಳಲ್ಲಿ ಪ್ರಯಾಣಿಕರಿಗೆ ಮಾಡಿಸುವ ರಕ್ಷಣಾ ಕವಾಯತಿನ ಚರಿತ್ರೆಯನ್ನು ವಿಮರ್ಶಿಸಿ, ಆ ಬೆಳಕಿನಲ್ಲಿ ನಮ್ಮ ನದೀತೀರದ ಸ್ಥಿತಿಯನ್ನು ನೋಡುವುದೇ ಪ್ರಸ್ತುತ ಲೇಖನದ ಉದ್ದೇಶ.

೨

ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರವನ್ನು ಕಂಡ ಪೋರ್ತುಗೀಸ ಪ್ರವಾಸಿ ಡೊಮಿಂಗೊ ಪಾಯೆಸನು ತುಂಗಭದ್ರೆಯ ಹರಿಗೋಲುಗಳನ್ನು ವರ್ಣಿಸಿರುವನು. ಅವು ಬುಟ್ಟಿಯಂತೆ ದುಂಡಾಗಿದ್ದುವು. ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲಿನ ಹೊದಿಕೆ. ಹದಿನೈದಿಪ್ಪತ್ತು ಜನರನ್ನು ಹೊರುತ್ತಿದ್ದುವು. ನೇರವಾಗಿ ಸಾಗಲಾರದೆ ಸುತ್ತುತ್ತ ಹೋಗುತ್ತಿದ್ದುವು. ರಾಬರ್ಟ್ ಸೀವೆಲ್ಲನು ೧೯೦೦ರಲ್ಲಿ ಪ್ರಕಟಿಸಿದ ಗ್ರಂಥದ ಮೂಲಕ ಈ ವರ್ಣನೆಯು ಪ್ರಸಿದ್ಧಿಗೆ ಬಂದಿತು. ಅಂದಿನಿಂದ ಅದನ್ನು ಒಂದು ಕೌತುಕವೆಂದು ಉದಾಹರಿಸುವುದು ವಾಡಿಕೆಯಾಗಿದೆ.

ಹರಿಗೋಲಿನ ಒಳಗೂ ಒಂದು ಶಿಸ್ತು ಇದ್ದುದನ್ನು ನಾವು ಗಮನಿಸಬೇಕು. ಅಂಬಿಗನು ಜನರನ್ನು ಗುಂಪಾಗಿ ಹತ್ತಗೊಡುವುದಿಲ್ಲ. ಒಬ್ಬೊಬ್ಬರನ್ನಾಗಿ ಹತ್ತಿಸಿ, ಎದುರುಬದುರಾಗಿ ಭಾರವು ಸಮನಾಗುವಂತೆ ಕೂರಿಸುವನು; ನಡುವೆ ಏಳಬಾರದೆಂದು ಗದರಿಸುವನು. ಇದನ್ನು ಒಂದು ವಿಧದ ಕವಾಯತೆಂದೇ ಹೇಳಬಹುದು. ಆದರೆ ಇದರ ಮೇರೆ ಸ್ಪಷ್ಟವಾಗಿದೆ. ದೋಣಿ ಮಗುಚದಿರಲು ಏನು ಮಾಡಬೇಕೆಂಬುದನ್ನು ಇದು ಕಲಿಸುವುದು. ಮಗುಚಿದರೆ ಏನು ಮಾಡಬೇಕೆಂಬುದನ್ನು ಕಲಿಸದು. ಆ ವಿದ್ಯೆಯು ಈಜಬಲ್ಲ ಅಂಬಿಗನೊಬ್ಬನ ಸ್ವತ್ತು.

ನಮ್ಮ ಸಾಹಿತ್ಯದ ಮನೋಧರ್ಮವೂ ಇದಕ್ಕೆ ಅನುಗುಣವಾಗಿದೆ. ಹಡಗಲಿ ಸೀಮೆಯಿಂದ ನದಿಯಾಚೆಗಿರುವ ಚೌಡದಾನಪುರದೊಡನೆ ಸಂಪ್ರದಾಯವು ಹನ್ನೆರಡನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ಹೆಸರನ್ನು ಕೂಡಿಸಿದೆ. ಅವನು ತನ್ನ ವೃತ್ತಿಯನ್ನೇ ಅಂಕಿತವಾಗಿ ಧರಿಸಿ ನಿಷ್ಠುರ ಸತ್ಯವನ್ನು ನುಡಿದವನು. ದಾಸಸಾಹಿತ್ಯದಲ್ಲಿಯೂ ಭವಸಾಗರವನ್ನು ದಾಟಿಸುವ ಅಂಬಿಗನ ರೂಪಕವು ಬಲವಾಗಿ ಬೇರೂರಿದೆ. ಈ ರೂಪಕದಲ್ಲಿ ಅಂಬಿಗನಿಗೆ ಸಕಲ ಕರ್ತೃತ್ವವೂ ಉಂಟು. ಪ್ರಯಾಣಿಕನ ಪಾಲಿಗಿರುವುದು ನಂಬುಗೆಯೊಂದೇ. ಅಧ್ಯಾತ್ಮದಲ್ಲಿ ಇದು ಶರಣಾಗತಿಯ ಪರಮಭಾವವಾಗಿರಬಹುದು. ಆದರೆ ಮಣ್ಣಿನ ದಡದಿಂದ ಮಣ್ಣಿನ ದಡಕ್ಕೆ ಸಾಗುವ ದೋಣಿಯಲ್ಲಿ ಈ ಭಾವವು ಮನುಷ್ಯನನ್ನು ಸರಕಿನ ಸ್ಥಾನಕ್ಕೆ ಇಳಿಸುವ ಸಂಭವವಿದೆ.

೩

ಸಮುದ್ರಯಾನದ ಪಾಶ್ಚಾತ್ಯ ಇತಿಹಾಸದಲ್ಲಿಯೂ ಪ್ರಯಾಣಿಕನು ಬಹುಕಾಲ ಸರಕೇ ಆಗಿದ್ದನು. ೧೯೧೨ರ ಏಪ್ರಿಲ್ ತಿಂಗಳಿನಲ್ಲಿ ಟೈಟಾನಿಕ್ ಹಡಗು ಮುಳುಗಿದಾಗ ಸುಮಾರು ೧,೫೦೦ ಜನರು ಮಡಿದರು. ಜೀವರಕ್ಷಕ ದೋಣಿಗಳ ಕೊರತೆಯೇ ಇದಕ್ಕೆ ಕಾರಣವೆಂಬುದು ಲೋಕಪ್ರಸಿದ್ಧವಾದ ಅಭಿಪ್ರಾಯ. ಈ ಅಭಿಪ್ರಾಯವು ನಿಜ, ಆದರೆ ಪೂರ್ಣವಲ್ಲ. ಹಡಗಿನಲ್ಲಿದ್ದವರು ಸುಮಾರು ೨,೨೦೦ ಜನರು. ಇಪ್ಪತ್ತು ದೋಣಿಗಳಲ್ಲಿ ಸ್ಥಳವಿದ್ದುದು ೧,೧೭೮ ಜನರಿಗೆ. ಬದುಕಿ ಉಳಿದವರಾದರೋ ಸುಮಾರು ೭೦೦ ಜನರು ಮಾತ್ರ. ಎಂದರೆ ಇದ್ದ ಸ್ಥಳಗಳಲ್ಲಿಯೂ ನಾನೂರಕ್ಕೂ ಮಿಕ್ಕಿದವು ವ್ಯರ್ಥವಾದುವು. ಮೊದಲು ಇಳಿದ, ೬೫ ಜನರನ್ನು ಹಿಡಿಯಬಲ್ಲ ದೋಣಿಯು ಅದರ ಅರ್ಧದಷ್ಟು ಜನರೂ ಇಲ್ಲದೆ ಹೊರಟಿತು. ತಾವು ಯಾವ ದೋಣಿಗೆ ಹೋಗಬೇಕೆಂಬುದನ್ನು ಪ್ರಯಾಣಿಕರು ಅರಿತಿರಲಿಲ್ಲ. ಭಾರೀ ಹಡಗನ್ನು ಬಿಟ್ಟು ಕತ್ತಲೆಯಲ್ಲಿ ಸಣ್ಣ ದೋಣಿಯನ್ನು ಹತ್ತಲು ಮೊದಮೊದಲು ಅನೇಕರು ಒಪ್ಪಲೂ ಇಲ್ಲ. ದೋಣಿಯ ಕೊರತೆಯೊಡನೆ ತಿಳಿವಳಿಕೆಯ ಕೊರತೆಯೂ ಕೂಡಿ ಜನರನ್ನು ಕೊಂದಿತೆಂಬುದು ಈ ಅಂಕಿಗಳಿಂದ ವಿದಿತವಾಗುವುದು.

ಈ ದುರಂತದ ಫಲವಾಗಿ ೧೯೧೪ರಲ್ಲಿ ಸಮುದ್ರದಲ್ಲಿ ಪ್ರಾಣರಕ್ಷಣೆಯನ್ನು ಕುರಿತ ಮೊದಲ ಅಂತಾರಾಷ್ಟ್ರೀಯ ಒಪ್ಪಂದವು ರಚಿತವಾಯಿತು. ಮಹಾಯುದ್ಧದ ಕಾರಣದಿಂದ ಅದು ಜಾರಿಗೆ ಬರಲಿಲ್ಲ. ೧೯೨೯, ೧೯೪೮, ೧೯೬೦ ಮತ್ತು ೧೯೭೪ರಲ್ಲಿ ಹೊಸ ರೂಪಗಳನ್ನು ಪಡೆಯಿತು. ಇದರ ಬೆಳವಣಿಗೆಯೊಡನೆ ಪ್ರಯಾಣಿಕರ ಕವಾಯತೂ ಬೆಳೆಯಿತು. ಏಳು ಕಿರಿಯ ಕೂಗುಗಳು, ಅವುಗಳ ಬಳಿಕ ಒಂದು ದೀರ್ಘವಾದ ಕೂಗು: ಇದು ಅಪಾಯದ ಸಂಕೇತ. ಅದನ್ನು ಕೇಳಿದೊಡನೆ ಪ್ರತಿಯೊಬ್ಬನೂ ತನಗೆ ಗೊತ್ತುಮಾಡಿದ ಸ್ಥಳಕ್ಕೆ ಹೋಗಿ ಕೂಡಬೇಕು. ಜೀವರಕ್ಷಕ ಅಂಗಿಯನ್ನು ತೊಡುವುದನ್ನು ಕಲಿಯಬೇಕು. ಸಿಬ್ಬಂದಿಯವರು ಎಣಿಕೆ ಮಾಡಬೇಕು.

ವಿಹಾರಕ್ಕೆಂದು ಹಣ ತೆತ್ತು ಬಂದವರಿಗೆ ಇದು ಎಂದಿಗೂ ಪ್ರಿಯವಾದ ಕಾರ್ಯವಾಗಿಲ್ಲ. ಪ್ರಯಾಣದ ಮೊದಲ ಮಧ್ಯಾಹ್ನವೇ ಬಿಸಿಲಿನಲ್ಲಿ ನಿಲ್ಲಿಸುವರೆಂಬ ಗೊಣಗಾಟ, ಸೂಚನೆಗಳು ಕೇಳಿಸವೆಂಬ ದೂರು, ಕಿತ್ತಳೆ ಬಣ್ಣದ ಅಂಗಿಯನ್ನು ತೊಟ್ಟು ಭಾವಚಿತ್ರ ತೆಗೆಸಿಕೊಳ್ಳುವ ವಿನೋದ, ಹಲವು ಯಾನಗಳನ್ನು ಮಾಡಿದವರ ಅಸಡ್ಡೆ: ಇವು ಎಲ್ಲ ನಾಡಿನ ಪ್ರಯಾಣಿಕರಲ್ಲಿಯೂ ಸಮಾನವಾಗಿ ಕಾಣುವುವು. ೨೦೨೧ರಿಂದ ಮುಂಬಯಿಯನ್ನು ಬಿಟ್ಟು ಗೋವಾ, ಲಕ್ಷದ್ವೀಪಗಳತ್ತ ಹೊರಡತೊಡಗಿದ ವಿಹಾರನೌಕೆಯನ್ನೇರುವ ಕನ್ನಡ ಕುಟುಂಬಗಳಿಗೂ ಈ ಅನುಭವವು ಹೊಸದಲ್ಲವಾಗುತ್ತಿದೆ. ಗೊಣಗಾಟವು ಸಹಜವಾದುದು. ಅದನ್ನು ಖಂಡಿಸುವುದಕ್ಕಿಂತ, ಕವಾಯತು ತಪ್ಪಿದಲ್ಲಿ ಏನಾಯಿತೆಂಬುದನ್ನು ನೋಡುವುದು ಲೇಸು.

೪

೨೦೧೨ರ ಜನವರಿ ೧೩ರ ರಾತ್ರಿ ಇಟಲಿಯ ಜಿಲ್ಯೊ ದ್ವೀಪದ ಬಳಿ ಕೋಸ್ತಾ ಕಾಂಕೋರ್ಡಿಯಾ ಎಂಬ ವಿಹಾರನೌಕೆಯು ಬಂಡೆಗೆ ತಾಗಿತು. ಅದರಲ್ಲಿ ನಾಲ್ಕು ಸಾವಿರಕ್ಕೂ ಮಿಕ್ಕಿ ಜನರಿದ್ದರು. ೩೨ ಮಂದಿ ಸತ್ತರು. ಅಂದು ಸಂಜೆ ಚಿವಿತವೆಕ್ಕಿಯಾದಲ್ಲಿ ಹತ್ತಿದ ನೂರಾರು ಪ್ರಯಾಣಿಕರಿಗೆ ಇನ್ನೂ ಕವಾಯತು ನಡೆದಿರಲಿಲ್ಲ. ಇದರಲ್ಲಿ ನಿಯಮದ ಉಲ್ಲಂಘನೆಯೇನೂ ಇರಲಿಲ್ಲವೆಂಬುದೇ ವಿಮರ್ಶಾರ್ಹವಾದ ಸಂಗತಿ. ಹತ್ತಿದ ೨೪ ಗಂಟೆಗಳೊಳಗೆ ಕವಾಯತು ನಡೆದರೆ ಸಾಕೆಂದು ಅಂದಿನ ನಿಯಮವು ಹೇಳುತ್ತಿತ್ತು. ಅಪಾಯವಾದರೋ ಕೆಲವೇ ಗಂಟೆಗಳಲ್ಲಿ ಬಂದಿತು. ಹಡಗು ಬಂಡೆಗೆ ತಾಗಿದ ಬಳಿಕವೂ ವಿದ್ಯುತ್ತಿನ ದೋಷವೆಂದು ಜನರಿಗೆ ತಿಳಿಸಲಾಯಿತು. ಹಡಗನ್ನು ಬಿಡುವ ಆಜ್ಞೆಯು ಬರಲು ಒಂದು ಗಂಟೆಗೂ ಹೆಚ್ಚು ಕಾಲ ಹಿಡಿಯಿತು. ಕವಾಯತನ್ನು ಹಡಗು ಹೊರಡುವ ಮೊದಲೇ ಅಥವಾ ಹೊರಟೊಡನೆ ನಡೆಸಬೇಕೆಂಬ ತಿದ್ದುಪಡಿಯು ೨೦೧೫ರ ಜನವರಿ ೧ರಿಂದ ಜಾರಿಗೆ ಬಂದಿತು.

ಇದಕ್ಕಿಂತಲೂ ದಾರುಣವಾದುದು ದಕ್ಷಿಣ ಕೊರಿಯಾದ ಸೆವೊಲ್ ಹಡಗಿನ ವೃತ್ತಾಂತ. ೨೦೧೪ರ ಏಪ್ರಿಲ್ ೧೬ರಂದು ಆ ಹಡಗು ವಾಲಿದಾಗ, ಇದ್ದಲ್ಲಿಯೇ ಇರಬೇಕೆಂದು ಪ್ರಯಾಣಿಕರಿಗೆ ಮತ್ತೆ ಮತ್ತೆ ಸಾರಲಾಯಿತು. ನಾವಿಕರ ಮಾತನ್ನು ನಂಬಿದ ಶಾಲಾ ಮಕ್ಕಳು ಕೋಣೆಗಳಲ್ಲಿಯೇ ಉಳಿದರು; ನಾಯಕನೂ ಹಲವು ನಾವಿಕರೂ ಮೊದಲೇ ಪಾರಾದರು. ಸತ್ತವರು ೩೦೪ ಮಂದಿ. ಅಂಬಿಗನಲ್ಲಿ ಇಟ್ಟ ನಂಬುಗೆಯು ಪೂರ್ಣವಾಗಿತ್ತು; ಆ ನಂಬುಗೆಯೇ ಅವರಿಗೆ ಮುಳುವಾಯಿತು.

ಹೀಗೆಂದು ಕವಾಯತನ್ನು ಕುರುಡಾಗಿ ಹೊಗಳುವುದೂ ಸಲ್ಲದು. ೨೦೨೦ರ ಸಾಂಕ್ರಾಮಿಕದ ತರುವಾಯ ಹಲವು ನೌಕಾಸಂಸ್ಥೆಗಳು ಜನರನ್ನು ಒಟ್ಟಿಗೆ ಕೂಡಿಸುವುದನ್ನು ಬಿಟ್ಟುವು. ಪ್ರಯಾಣಿಕನು ಕೈಯಲ್ಲಿರುವ ದೂರವಾಣಿಯಲ್ಲಿಯೋ ಕೋಣೆಯ ಪರದೆಯ ಮೇಲೆಯೋ ಸೂಚನೆಗಳನ್ನು ನೋಡಿ, ತನ್ನ ಸ್ಥಳಕ್ಕೊಮ್ಮೆ ಹೋಗಿ ಹಾಜರಿ ಹಾಕಿ ಬಂದರೆ ಸಾಕಾಯಿತು. ಇದರಿಂದ ಬಿಸಿಲಿನ ಕಷ್ಟ ತಪ್ಪಿತು. ಸೂಚನೆಗಳೂ ಸ್ಪಷ್ಟವಾಗಿ ಕೇಳಿಸಿದುವು. ಪ್ರಯಾಣಿಕರು ಇದನ್ನು ಮೆಚ್ಚಿದುದರಲ್ಲಿ ಆಶ್ಚರ್ಯವಿಲ್ಲ. ಆದರೆ ನಮ್ಮ ಅಭಿಪ್ರಾಯದಲ್ಲಿ ಇಲ್ಲಿ ಮುಖ್ಯವಾದುದೊಂದು ಲೋಪವಾಗಿದೆ. ಅಪಾಯವು ಒಬ್ಬನಿಗೆ ಬರುವುದಲ್ಲ, ಗುಂಪಿಗೆ ಬರುವುದು. ಮೆಟ್ಟಿಲಿನ ನೂಕುನುಗ್ಗಲು, ಮುದುಕರ ನಿಧಾನ, ಬೇರೆ ಭಾಷೆಯವನ ಗೊಂದಲ, ಕೈತಪ್ಪಿದ ಮಗು: ಇವುಗಳನ್ನು ಒಬ್ಬಂಟಿಯಾಗಿ ಅಭ್ಯಾಸ ಮಾಡಲಾಗದು. ಹಾಜರಿಯು ಶಿಕ್ಷಣಕ್ಕೆ ಸಮನಲ್ಲ.

೫

ಈಗ ನಮ್ಮ ನಾಡಿನ ಕಡೆಗೆ ತಿರುಗೋಣ. ೨೦೦೯ರ ಸೆಪ್ಟೆಂಬರ್ ೩೦ರಂದು ಕೇರಳದ ತೇಕ್ಕಡಿ ಸರೋವರದಲ್ಲಿ ವಿಹಾರದೋಣಿಯೊಂದು ಮಗುಚಿ ೪೫ ಮಂದಿ ಸತ್ತರು. ಕಾಡುಪ್ರಾಣಿಗಳನ್ನು ನೋಡಲು ಜನರು ಒಂದೇ ಪಕ್ಕಕ್ಕೆ ಸರಿದುದು ಆ ದುರಂತಕ್ಕೆ ಹೇಳಲಾದ ಕಾರಣಗಳಲ್ಲೊಂದು. ೨೦೧೯ರ ಜನವರಿ ೨೧ರಂದು ಕಾರವಾರದ ಬಳಿಯ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿಯು ಮಗುಚಿ ೧೬ ಮಂದಿ ಮಡಿದರು. ಅವರಲ್ಲಿ ಹಲವರು ನಮ್ಮ ಹಡಗಲಿಗೆ ಹೊಳೆಯಾಚೆಯಾದ ಹಾವೇರಿ ಜಿಲ್ಲೆಯವರು. ಹೊರಬಲ್ಲುದಕ್ಕಿಂತ ಹೆಚ್ಚು ಜನರನ್ನು ದೋಣಿಯು ಹೊತ್ತಿತ್ತು. ಒಳನಾಡಿನಿಂದ ವರ್ಷಕ್ಕೊಮ್ಮೆ ಸಮುದ್ರಕ್ಕೆ ಬರುವ ಭಕ್ತನಿಗೆ ಅಲೆಯ ಸ್ವಭಾವವೂ ತಿಳಿಯದು, ದೋಣಿಯ ಮಿತಿಯೂ ತಿಳಿಯದು. ಅವನಿಗೆ ಹೇಳಬೇಕಾದವರು ಹೇಳದಿದ್ದರೆ ಅವನಿಗೆ ಉಳಿಯುವುದು ದೈವದ ಮತ್ತು ಅಂಬಿಗನ ಮೇಲಿನ ಭರವಸೆಯೊಂದೇ.

ಶಾಸನಗಳ ಚರಿತ್ರೆಯನ್ನು ನೋಡಿದರೂ ಪ್ರಯಾಣಿಕನ ಈ ಅನಾಥತ್ವವೇ ಕಾಣುವುದು. ಬಳ್ಳಾರಿ ಜಿಲ್ಲೆಯು ೧೯೫೩ರವರೆಗೆ ಮದರಾಸು ಆಧಿಪತ್ಯಕ್ಕೆ ಸೇರಿತ್ತು. ಆ ಆಧಿಪತ್ಯದಲ್ಲಿ ೧೮೯೦ರಲ್ಲಿ ಆದ ಕಾಲುವೆ ಮತ್ತು ಸಾರ್ವಜನಿಕ ಕಡವುಗಳ ಶಾಸನದ ದೃಷ್ಟಿಯು ಮುಖ್ಯವಾಗಿ ಕಡವಿನ ಆಡಳಿತ ಮತ್ತು ಸುಂಕದ ಮೇಲಿತ್ತು. ೧೯೧೭ರ ಒಳನಾಡು ನೌಕೆಗಳ ಶಾಸನವು ಯಂತ್ರದಿಂದ ನಡೆಯುವ ನೌಕೆಗಳಿಗೆ ಸಂಬಂಧಿಸಿದುದು. ಹುಟ್ಟು ಹಾಕುವ ಹರಿಗೋಲು ಅದರ ಹೊರಗೆ ಉಳಿಯಿತು. ೨೦೧೭ರಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು ದೋಣಿಗಳ ಸುರಕ್ಷತೆಯನ್ನು ಕುರಿತ ಮಾರ್ಗಸೂಚಿಗಳನ್ನು ಹೊರಡಿಸಿತು. ೨೦೨೧ರ ಹೊಸ ಶಾಸನವು ಯಂತ್ರರಹಿತ ನೌಕೆಗಳನ್ನೂ ಗಣನೆಗೆ ತೆಗೆದುಕೊಂಡಿತು. ಇವು ಸ್ವಾಗತಾರ್ಹವಾದುವು. ಆದರೆ ಟೈಟಾನಿಕ್ಕಿನಿಂದ ಕಾಂಕೋರ್ಡಿಯಾದವರೆಗಿನ ನೂರು ವರ್ಷಗಳ ಚರಿತ್ರೆಯು ಸಾರುವುದೇನೆಂದರೆ, ದೋಣಿಯನ್ನು ನೋಂದಾಯಿಸಿದ ಮಾತ್ರಕ್ಕೆ, ಅಂಗಿಗಳನ್ನು ಮೂಲೆಯಲ್ಲಿ ಪೇರಿಸಿದ ಮಾತ್ರಕ್ಕೆ, ಪ್ರಯಾಣಿಕನು ರಕ್ಷಿತನಾಗುವುದಿಲ್ಲ.

ಹಡಗಲಿ ಸೀಮೆಗೆ ಇದು ದೂರದ ವಿಚಾರವಲ್ಲ. ಮೈಲಾರದ ಜಾತ್ರೆಗೆ ಭರತ ಹುಣ್ಣಿಮೆಯ ಕಾಲದಲ್ಲಿ ಲಕ್ಷಾಂತರ ಜನರು ಹೊಳೆಯ ಎರಡೂ ಕಡೆಗಳಿಂದ ಬರುವರು. ತುಂಗಭದ್ರಾ ಅಣೆಕಟ್ಟಿನ ಹಿನ್ನೀರು ಹಬ್ಬಿದ ಕಡೆಗಳಲ್ಲಿ ನೀರಿನ ಆಳವು ಹಳೆಯ ನದಿಯ ಆಳವಲ್ಲ. ಅಜ್ಜನು ಕಂಡಿದ್ದ ಬಂಡೆಯು ಮೊಮ್ಮಗನಿಗೆ ಗುರುತಾಗದು. ಇಂತಹ ನೀರಿನಲ್ಲಿ ದೋಣಿ ಬಿಡುವ ಮೊದಲು ಅಂಬಿಗನು ನಾಲ್ಕು ಮಾತುಗಳನ್ನು ಗಟ್ಟಿಯಾಗಿ ಹೇಳುವ ರೂಢಿಯಾಗಬೇಕು: ಎಷ್ಟು ಜನರಿಗೆ ಸ್ಥಳವಿದೆ; ಅಂಗಿಯನ್ನು ಈಗಲೇ ತೊಟ್ಟುಕೊಳ್ಳಬೇಕು; ಒಂದೇ ಪಕ್ಕಕ್ಕೆ ಸರಿಯಬಾರದು; ಮಗುಚಿದರೆ ದೋಣಿಯನ್ನು ಬಿಡದೆ ಹಿಡಿದುಕೊಳ್ಳಬೇಕು. ಇದಕ್ಕೆ ಹಿಡಿಯುವುದು ಎರಡು ನಿಮಿಷ. ನದೀತೀರದ ಶಾಲೆಗಳಲ್ಲಿ ವರ್ಷಕ್ಕೊಮ್ಮೆ ಮಕ್ಕಳಿಗೆ, ಒಬ್ಬೊಬ್ಬರಿಗಲ್ಲದೆ ಗುಂಪಿಗೆ, ಇದನ್ನು ಮಾಡಿ ತೋರಿಸುವುದೂ ಅಸಾಧ್ಯವೇನಲ್ಲ.

ಅಂಬಿಗನ ಅನುಭವವನ್ನು ನಾವು ಕಡೆಗಣಿಸುತ್ತಿಲ್ಲ. ಎದುರುಬದುರಾಗಿ ಕೂರಿಸುವ ಅವನ ಹಳೆಯ ಶಿಸ್ತನ್ನೇ ಇನ್ನೊಂದು ಹೆಜ್ಜೆ ಮುಂದೆ ಒಯ್ಯಬೇಕೆಂಬುದಷ್ಟೇ ನಮ್ಮ ವಾದ. ಇತಿಹಾಸದ ಅಭ್ಯಾಸಿಗಳಿಗೂ ಇಲ್ಲಿ ಕೆಲಸವುಂಟು. ಹೂವು ಸಾಗಿಸಿದ ಹಡಗಿನ ಕಥೆಯನ್ನು ಸಂಗ್ರಹಿಸಿದ ಆಸ್ಥೆಯಿಂದಲೇ ತುಂಗಭದ್ರೆಯ ಕಡವುಗಳ, ಅಲ್ಲಿ ದಾಟಿದವರ ಮತ್ತು ದಾಟಲಾರದೆ ಹೋದವರ ವೃತ್ತಾಂತವನ್ನು ತಾಲೂಕಿನ ಕಡತಗಳಿಂದಲೂ ಅಂಬಿಗರ ಮನೆತನಗಳ ಬಾಯಿಂದಲೂ ಸಂಗ್ರಹಿಸಬೇಕು. ಈ ಕಾರ್ಯವನ್ನು ನಮ್ಮ ವಿಭಾಗದ ವಿದ್ಯಾರ್ಥಿಗಳು ಕೈಗೊಳ್ಳುವರೆಂದು ಆಶಿಸುತ್ತೇವೆ.