ಅಲಿಯ ಹೆಸರು, ಫ್ರೇಜಿಯರನ ಅಡ್ಡಹೆಸರು

ಬಾಕ್ಸರ್ ಮುಹಮ್ಮದ್ ಅಲಿಯ ಬಗ್ಗೆ ನಾವು ಬರೆದದ್ದು, ಓದಿದ್ದು ಹೆಚ್ಚಾಗಿ ಎರಡು ಘಟನೆಗಳನ್ನು. 1964ರಲ್ಲಿ ಸನ್ನಿ ಲಿಸ್ಟನ್‌ನನ್ನು ಸೋಲಿಸಿ ವಿಶ್ವ ಹೆವಿವೇಟ್ ಚಾಂಪಿಯನ್ ಆದ ಕ್ಯಾಸಿಯಸ್ ಕ್ಲೇ, ತಾನು ಮುಸ್ಲಿಮನೆಂದು ಸಾರಿ ಹೊಸ ಹೆಸರು ಪಡೆದದ್ದು ಒಂದು. 1967ರಲ್ಲಿ, ವಿಯೆಟ್ನಾಂ ಯುದ್ಧದ ಕಾಲದಲ್ಲಿ ಸೈನ್ಯ ಸೇರಲು ನಿರಾಕರಿಸಿ ಪದವಿಯನ್ನೂ ಯೌವನದ ಮೂರೂವರೆ ವರ್ಷಗಳನ್ನೂ ಕಳೆದುಕೊಂಡದ್ದು ಇನ್ನೊಂದು. ಎರಡೂ ಅಭಿಮಾನಪಡತಕ್ಕವೇ. ಆದರೆ ಈ ಕಥನಗಳಲ್ಲಿ ಜೋ ಫ್ರೇಜಿಯರ್ ಬರೀ ಎದುರಾಳಿ. ಅವನ ಕಡೆಯಿಂದ ಈ ಕಥೆಯನ್ನು ನಾವು ಓದಿದ್ದು ಕಡಿಮೆ.

ಫ್ರೇಜಿಯರ್ 1944ರಲ್ಲಿ ದಕ್ಷಿಣ ಕೆರೊಲಿನಾದ ಬಡ ರೈತ ಕುಟುಂಬದಲ್ಲಿ ಹುಟ್ಟಿದವನು. ಫಿಲಡೆಲ್ಫಿಯಾದ ಕಸಾಯಿಖಾನೆಯಲ್ಲಿ ದುಡಿದವನು. 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದವನು. ಅಲಿಗೆ ಆಡಲು ಲೈಸೆನ್ಸ್ ಇಲ್ಲದ ದಿನಗಳಲ್ಲಿ ಹಣ ಕೊಟ್ಟು, ಅವನನ್ನು ರಿಂಗಿಗೆ ಮರಳಿ ಬಿಡಬೇಕೆಂದು ವಾದಿಸಿದವನೂ ಇವನೇ.

ಮರಳಿ ಬಂದ ಅಲಿ ಅವನನ್ನು ‘ಅಂಕಲ್ ಟಾಮ್’ ಎಂದ. ಬಿಳಿಯರ ಬಾಲ ಹಿಡಿದ ಕರಿಯ ಎಂಬ ಬೈಗುಳವದು. 1971ರ ಮಾರ್ಚ್ 8ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ, ಹದಿನೈದನೇ ಸುತ್ತಿನಲ್ಲಿ, ಫ್ರೇಜಿಯರ್ ಎಡಗೈ ಹೊಡೆತದಿಂದ ಅಲಿಯನ್ನು ನೆಲಕ್ಕುರುಳಿಸಿ ಗೆದ್ದ. ವೃತ್ತಿಜೀವನದಲ್ಲಿ ಅಲಿಗೆ ಅದೇ ಮೊದಲ ಸೋಲು. 1974ರ ಮರುಪಂದ್ಯ ಅಲಿಯದಾಯಿತು.

ಮೂರನೆಯದು 1975ರ ಅಕ್ಟೋಬರ್ 1ರಂದು, ಫಿಲಿಪ್ಪೀನ್ಸ್‌ನಲ್ಲಿ. ಅದಕ್ಕೆ ಮುನ್ನ ಅಲಿ ಒಂದು ರಬ್ಬರ್ ಗೊರಿಲ್ಲಾ ಹಿಡಿದು, ಅದನ್ನು ಗುದ್ದಿ, ಪ್ರಾಸ ಕಟ್ಟಿ ನಗಿಸಿದ. ಫ್ರೇಜಿಯರನ ಮಕ್ಕಳು ಶಾಲೆಯಲ್ಲಿ ಮೂದಲಿಕೆ ಕೇಳಬೇಕಾಯಿತು. ಹದಿನಾಲ್ಕು ಸುತ್ತುಗಳ ನಂತರ ಫ್ರೇಜಿಯರನ ಕಣ್ಣುಗಳು ಊದಿ ಮುಚ್ಚಿಕೊಂಡಿದ್ದವು. ಅವನು ಬೇಡವೆಂದರೂ ತರಬೇತುದಾರ ಎಡ್ಡಿ ಫಚ್ ಪಂದ್ಯ ನಿಲ್ಲಿಸಿದ. ಗೆದ್ದ ಅಲಿಯೂ ಕುಸಿದ. ಸಾವಿನ ಸಮೀಪ ಹೋಗಿ ಬಂದಂತಿತ್ತೆಂದು ಆಮೇಲೆ ಹೇಳಿದ.

ಟಿಕೆಟ್ ಮಾರಾಟಕ್ಕಾಗಿ ಆಡಿದ ಮಾತುಗಳವು ಎನ್ನುವುದು ಅಭಿಮಾನಿಗಳ ಸಮಜಾಯಿಷಿ. ನಮಗೆ ಇದು ಸಾಲದೆನಿಸುತ್ತದೆ. 1967ರಲ್ಲಿ ತನ್ನನ್ನು ಕ್ಲೇ ಎಂದು ಕರೆದ ಎರ್ನಿ ಟೆರೆಲ್‌ನನ್ನು, ನನ್ನ ಹೆಸರೇನು ಎಂದು ಕೇಳುತ್ತಾ ಹೊಡೆದವನು ಅಲಿ. ಹೆಸರಿನ ಬೆಲೆ ಅವನಷ್ಟು ಬಲ್ಲವರು ವಿರಳ. ಕರಿಯರನ್ನು ಕಪಿಗೆ ಹೋಲಿಸುವುದು ಬಿಳಿಯರ ಹಳೆಯ ಚಾಳಿ. ಅದನ್ನೇ ಎತ್ತಿಕೊಂಡು ಅವನು ಇನ್ನೊಬ್ಬ ಕರಿಯನ ಮೇಲೆ ಎಸೆದ. ಪರಸ್ಪರ ಗೇಲಿ ಮಾಡಬೇಡಿ, ಅಡ್ಡಹೆಸರಿಟ್ಟು ಕರೆಯಬೇಡಿ ಎಂದು ಸೂರಃ ಹುಜುರಾತ್ ತಾಕೀತು ಮಾಡುತ್ತದೆ. ಅಲಿಯ ಇಸ್ಲಾಮನ್ನು ಕೊಂಡಾಡುವ ನಾವು ಇದನ್ನು ಬದಿಗಿಡುವಂತಿಲ್ಲ. ಫ್ರೇಜಿಯರನೂ ಸುಮ್ಮನಿರಲಿಲ್ಲ: ಬಹುಕಾಲ ಅವನನ್ನು ‘ಕ್ಲೇ’ ಎಂದೇ ಕರೆದ, 1996ರಲ್ಲಿ ಅಟ್ಲಾಂಟಾದಲ್ಲಿ ನಡುಗುವ ಕೈಯಿಂದ ಒಲಿಂಪಿಕ್ ಜ್ಯೋತಿ ಹೊತ್ತಿಸಿದ ಅಲಿಯ ಬಗ್ಗೆ ಕಟುವಾಗಿ ಮಾತಾಡಿದ.

2001ರಲ್ಲಿ ಅಲಿ ಪತ್ರಿಕೆಯೊಂದರ ಮೂಲಕ ಕ್ಷಮೆ ಕೇಳಿದ. ಮನುಷ್ಯರ ಹಕ್ಕಿನ ವಿಷಯದಲ್ಲಿ, ಅಂದರೆ ಹುಕೂಕುಲ್ ಇಬಾದ್‌ನಲ್ಲಿ, ನೊಂದವನೇ ಕ್ಷಮಿಸಬೇಕೆಂದು ನಮ್ಮ ಹಿರಿಯರು ಕಲಿಸಿದ್ದಾರೆ. ಪತ್ರಿಕೆಯ ಮೂಲಕ ಕಳಿಸಿದ ಮಾತು ಆ ದಾರಿಯಲ್ಲಿ ಅರ್ಧವಷ್ಟೆ.

2011ರ ನವೆಂಬರ್‌ನಲ್ಲಿ ಫ್ರೇಜಿಯರ್ ತೀರಿಕೊಂಡಾಗ, ಪಾರ್ಕಿನ್ಸನ್ಸ್ ಕಾಯಿಲೆಯಿಂದ ಮಾತು ಬತ್ತಿದ್ದ ಅಲಿ ಫಿಲಡೆಲ್ಫಿಯಾದ ಅಂತ್ಯಕ್ರಿಯೆಗೆ ಬಂದಿದ್ದ. ಜೋಗಾಗಿ ಎದ್ದು ನಿಲ್ಲಿ ಎಂದಾಗ ಎಲ್ಲರೊಡನೆ ಎದ್ದು ಚಪ್ಪಾಳೆ ತಟ್ಟಿದ. 2016ರಲ್ಲಿ ಅವನೂ ಹೋದ. ನಮ್ಮ ಮಕ್ಕಳಿಗೆ ಅಲಿಯ ಕಥೆ ಹೇಳುವಾಗ ಆ ರಬ್ಬರ್ ಗೊರಿಲ್ಲಾವನ್ನೂ ಈ ಚಪ್ಪಾಳೆಯನ್ನೂ ಸೇರಿಸಿಯೇ ಹೇಳಬೇಕು.